ತಪ್ಪಿದ ಗುಂಡು

ನಮ್ಮ ಜಮಖಂಡಿ, ಮುಧೋಳದ ಕಡೆ ಹತಾರುಗಳಿಗೆಂದು ವರ್ಷಕ್ಕೊಂದು ದಿನ ಮೀಸಲು. ಖಂಡೇಪೂಜೆಯ ದಿನ ಕುಡಗೋಲು, ಕೊಡಲಿ, ಈಳಿಗೆಮಣೆ, ಮಗ್ಗದ ಲಾಳಿ, ಹೊಲಿಗೆಯಂತ್ರ, ಟ್ರ್ಯಾಕ್ಟರು ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನಮ್ಮ ಮನೆಯಲ್ಲಿ ನನ್ನ ಕೆಂಪು ಶಾಯಿಯ ಪೆನ್ನಿಗೂ ಅಂದು ಒಂದು ಬೊಟ್ಟು ಬೀಳುತ್ತದೆ. ಅದೂ ಎಷ್ಟೋ ಹುಡುಗರ ಎದೆಗೆ ನಾಟಿದ ಆಯುಧವೇ ಎಂದು ನಮ್ಮವರು ನಗೆಯಾಡುತ್ತಾರೆ. ದೊಡ್ಡ ಮನೆತನಗಳಲ್ಲಿ ಹಳೆಯ ಕತ್ತಿ, ಎಲ್ಲೋ ಒಂದೆರಡು ಕಡೆ ಲೈಸೆನ್ಸಿನ ಬಂದೂಕು ಅಂದು ಹೊರಗೆ ಬಂದು, ಪೂಜೆ ಮಾಡಿಸಿಕೊಂಡು, ಮತ್ತೆ ಕಪಾಟು ಸೇರುತ್ತವೆ. ಹೆಂಗಸರಾದ ನಾವು ಅದನ್ನು ದೂರದಿಂದ ನೋಡಿ, ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡು, ಆರತಿ ತಟ್ಟೆಯನ್ನು ಗಂಡಸರ ಕೈಗೆ ಕೊಟ್ಟವರು.

ಈಗ ಆ ದಿನಕ್ಕಾಗಿ ಕಾಯಬೇಕಿಲ್ಲ. ಗಂಡುಹುಡುಗರ ಅಂಗೈಯಲ್ಲಿ ವರ್ಷವೆಲ್ಲ ಖಂಡೇಪೂಜೆ. ಸವರ್ಣದೀರ್ಘ ಸಂಧಿಗೆ ಎರಡು ಉದಾಹರಣೆ ಹೇಳು ಎಂದರೆ ಕಿಟಕಿಯ ಹೊರಗೆ ನೋಡುವ ಹುಡುಗ, ಪಿ92 ಪಿಸ್ತೂಲಿನಲ್ಲಿ ಎಷ್ಟು ಗುಂಡು ಹಿಡಿಯುತ್ತವೆ, ಪಿ1911ರಲ್ಲಿ ಎಷ್ಟು, ಆರ್1895 ಎಂಬ ಹಳೇ ರಿವಾಲ್ವರಿಗೆ ಗುಂಡು ತುಂಬಲು ಯಾಕೆ ತಡವಾಗುತ್ತದೆ ಎಂಬುದನ್ನು ಉಸಿರು ಬಿಡದೆ ಹೇಳುತ್ತಾನೆ. ಇವೆಲ್ಲ ಮೊಬೈಲಿನಲ್ಲಿ ಆಡುವ ಪಬ್‌ಜಿ ಆಟದ ಪಿಸ್ತೂಲುಗಳು. 2020ರ ಸಪ್ಟೆಂಬರಿನಲ್ಲಿ ಸರಕಾರ ಆ ಆಟವನ್ನು ನಿಷೇಧಿಸಿತು. 2021ರಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿಟ್ಟುಕೊಂಡು ಬಂತು. 2022ರಲ್ಲಿ ಮತ್ತೆ ತೆಗೆಸಿದರು, 2023ರಲ್ಲಿ ಮತ್ತೆ ಬಂತು. ಮಲೇರಿಯಾ ಜ್ವರದ ಹಾಗೆ ಬಿಟ್ಟು ಬಿಟ್ಟು ಬರುವ ಆಟ.

ನಾನು ಇಷ್ಟು ವರ್ಷ ಕನ್ನಡ ಕಲಿಸಿಕೊಂಡು ಬಂದವಳು. ಬಂದೂಕಿನ ವಿಚಾರ ನನಗೆ ಬಂದದ್ದೂ ಕನ್ನಡ ಪಾಠದಿಂದಲೇ. ಹತ್ತನೆಯ ತರಗತಿಗೆ ಹಲಗಲಿ ಬೇಡರ ಲಾವಣಿ ಪಾಠವಾಗಿ ಬಂದಿದೆ. ಹಲಗಲಿ ಎಲ್ಲೋ ದೂರದ ಊರಲ್ಲ, ನಮ್ಮ ಮುಧೋಳ ತಾಲೂಕಿನದೇ. 1857ರಲ್ಲಿ ಇಂಗ್ಲಿಷ್ ಸರಕಾರ ಜನರ ಕೈಯಲ್ಲಿದ್ದ ಹತಾರುಗಳನ್ನೆಲ್ಲ ಒಪ್ಪಿಸಬೇಕೆಂದು ಕಾಯಿದೆ ತಂದಾಗ, ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಬೇಟೆಯೇ ಬದುಕಾದವರಿಗೆ ಹತಾರು ಕೊಡುವುದೆಂದರೆ ಕೈ ಕಡಿದು ಕೊಟ್ಟ ಹಾಗೆ. ಆ ವರ್ಷದ ನವೆಂಬರಿನ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಜನರನ್ನು ಗಲ್ಲಿಗೆ ಹಾಕಿದರು.

ಈ ಪಾಠ ಮಾಡುವಾಗ ನನ್ನ ದನಿ ಪ್ರತಿ ವರ್ಷ ಒಂದು ಕಡೆ ಬಿಗಿಯುತ್ತದೆ. ಹೋದ ವರ್ಷ ಹಾಗೆ ಬಿಗಿದ ಹೊತ್ತಿಗೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಅಕ್ಕೋರ, ಅವರ ಹತ್ರ ಯಾವ ಗನ್ ಇತ್ರೀ?”

ಆಗಿನ ಬಂದೂಕಿಗೆ ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು, ಕಿವಿಗೆ ಬೆಂಕಿ ಮುಟ್ಟಿಸಬೇಕಿತ್ತು, ಒಂದು ಗುಂಡು ಹಾರಿಸಿ ಇನ್ನೊಂದಕ್ಕೆ ಸಿದ್ಧವಾಗಲು ಅರ್ಧ ನಿಮಿಷವಾದರೂ ಬೇಕಿತ್ತು ಎಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಅರ್ಧ ನಿಮಿಷದಲ್ಲಿ ಅವರು ಎಷ್ಟು ಜನರನ್ನು ಮಲಗಿಸುತ್ತಾರೋ! ಒಬ್ಬನಂತೂ, “ನಮಗೂ 2020ರಾಗ ಹತಾರ ಕಸ್ಕೊಂಡ್ರಲ್ರೀ ಅಕ್ಕೋರ” ಎಂದು ಇಡೀ ತರಗತಿಯನ್ನು ನಗಿಸಿದ. ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯಲ್ಲಿ ಒಂದು ಯೋಚನೆ ಕೊರೆಯತೊಡಗಿತು. ಹಲಗಲಿಯವರಿಗೆ ಒಂದೊಂದು ಗುಂಡಿಗೂ ಅರ್ಧ ನಿಮಿಷದ ಕೆಲಸವಿತ್ತು. ಗುರಿ ತಪ್ಪಿದರೆ ಏನಾಗುತ್ತದೆಂಬ ಅರಿವು ಆ ಅರ್ಧ ನಿಮಿಷದ ತುಂಬ ಇದ್ದಿರಬೇಕು. ನಮ್ಮ ಹುಡುಗರಿಗೆ ಗುಂಡು ಎಂಬುದು ಬೆರಳ ತುದಿಯಲ್ಲಿ ಚುರುಮುರಿ ಹಾರಿಸಿದಷ್ಟು ಹಗುರ. ಈ ಆಟ ಎಷ್ಟು ನಿಜ?

ಇದನ್ನು ಕೇಳಲು ನನಗೆ ಬನಹಟ್ಟಿಯಲ್ಲಿ ಒಬ್ಬ ಪಂಡಿತನೇ ಇದ್ದಾನೆ. ನನ್ನ ತಂಗಿಯ ಮಗ. ಪಿಯುಸಿ ಓದುತ್ತಾನೆ. ಅವರದು ಪಾವರ್‌ಲೂಮಿನ ಮನೆ. ಬನಹಟ್ಟಿ, ರಬಕವಿಯ ನೇಕಾರರ ಓಣಿಗಳಲ್ಲಿ ನಡೆದವರಿಗೆ ಗೊತ್ತು, ಅಲ್ಲಿ ಮಾತು ಶುರುವಾಗುವುದೇ ಎತ್ತರದ ದನಿಯಿಂದ. ಮಗ್ಗ ನಿಂತ ಹೊತ್ತಿನಲ್ಲೂ ಜನ ಕೂಗಿಯೇ ಮಾತಾಡುತ್ತಾರೆ. ಇವನು ಮಾತ್ರ ಕಿವಿಗೆ ಏನೋ ಸಿಕ್ಕಿಸಿಕೊಂಡು, ಮಗ್ಗದ ಮನೆಯ ಮೂಲೆಯಲ್ಲಿ ಕೂತು, ಯಾವುದೋ ದ್ವೀಪದಲ್ಲಿ ಯುದ್ಧ ಮಾಡುತ್ತಿರುತ್ತಾನೆ.

“ದೊಡ್ಡವ್ವ, ಇದು ಭಾಳ ರಿಯಲ್ ಐತಿ” ಎಂದು ಅವನು ನನಗೆ ಪಾಠ ಮಾಡಿದ. ಪಿಸ್ತೂಲಿಗೆ ಹಿಮ್ಮೆಟ್ಟು ಇದೆಯಂತೆ, ಹೊಡೆದಾಗ ತುದಿ ಮೇಲಕ್ಕೆ ಹಾರುತ್ತದಂತೆ. ಓಡುತ್ತ ಹೊಡೆದರೆ ಗುರಿ ಕೆಡುತ್ತದೆ, ಕೂತು ಹೊಡೆದರೆ ಕೂಡುತ್ತದೆ. ದೂರ ಹೋದಷ್ಟೂ ಗುಂಡು ಕೆಳಗೆ ಜಾರುತ್ತದೆ. ಇವೆಲ್ಲ ನಿಜವೇ. ಆದರೆ ಇನ್ನೊಂದು ವಿಷಯ ಹೇಳಿದ. ಗುರಿಯ ಗುರುತನ್ನು ವೈರಿಯ ಹತ್ತಿರ ತಂದರೆ ಸಾಕು, ಆಟವೇ ಅದನ್ನು ಸ್ವಲ್ಪ ಎಳೆದು ಅವನ ಮೈಮೇಲೆ ಕೂಡಿಸುತ್ತದಂತೆ. ಅದಕ್ಕೆ ಏಮ್ ಅಸಿಸ್ಟ್ ಎನ್ನುತ್ತಾರೆ. ಮೊದಲ ಸಲ ಅಕ್ಷರ ತಿದ್ದುವ ಮಗುವಿನ ಕೈಮೇಲೆ ನಾವು ಕೈ ಇಟ್ಟು ಬರೆಸುವುದಿಲ್ಲವೇ, ಹಾಗೆ.

ಸೊಂಟದ ಮಟ್ಟದಲ್ಲಿ ಹಿಡಿದು ಗಡಿಬಿಡಿಯಿಂದ ಹೊಡೆದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಪರದೆಯ ನಡುವೆ ನಾಲ್ಕು ಗೆರೆಗಳು ಅಗಲವಾಗಿ ಬಿಚ್ಚಿಕೊಂಡದ್ದನ್ನು ತೋರಿಸಿದ. ಆ ಅಗಲದೊಳಗೆ ಗುಂಡು ಎಲ್ಲಿ ಬೇಕಾದರೂ ಹೋಗಬಹುದು, ಅದನ್ನು ಕಂಪ್ಯೂಟರು ಚೌಕಾಬಾರದ ಕವಡೆ ಹಾಕಿದಂತೆ ನಿರ್ಧರಿಸುತ್ತದೆ. ಪಿಸ್ತೂಲನ್ನು ಹೀಗೆ ಮಂಕು ಮಾಡುವುದಕ್ಕೂ ಕಾರಣವಿದೆ. ಪಿಸ್ತೂಲೇ ಎಲ್ಲ ಕೆಲಸ ಮಾಡಿಬಿಟ್ಟರೆ ದೊಡ್ಡ ಬಂದೂಕು ಹುಡುಕುವ ಆಟವೇ ಕೆಡುತ್ತದಲ್ಲ! ಆದ್ದರಿಂದ ಆಟಗಳಲ್ಲಿ ಸಾಮಾನ್ಯವಾಗಿ ಪಿಸ್ತೂಲು ಬಡಪಾಯಿ.

ಗುಂಡು ಹೊಡೆಯುವ ಆಟ ನಮ್ಮ ಕಾಲಕ್ಕೂ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯ ಜೊತೆ ಒಂದು ಪ್ಲಾಸ್ಟಿಕ್ ಪಿಸ್ತೂಲು ಬರುತ್ತಿತ್ತು, ನೆನಪಿದೆಯೇ? ಪರದೆಯಲ್ಲಿ ಹಾರುವ ಬಾತುಕೋಳಿಗೆ ಗುರಿ ಹಿಡಿದು ಒತ್ತುವುದು. ಜಪಾನಿನ ನಿಂಟೆಂಡೊ ಕಂಪನಿ 1984ರಲ್ಲಿ ತಂದ ಡಕ್ ಹಂಟ್ ಆಟ ಅದು. ಆ ಪಿಸ್ತೂಲಿನಿಂದ ಟಿ.ವಿ.ಗೆ ಏನೋ ಹೋಗುತ್ತದೆಂದು ಮಕ್ಕಳ ಹಾಗೆ ತಾಯಂದಿರೂ ನಂಬಿದ್ದರು. ನಿಜ ಅದರ ತಿರುವುಮುರುವು. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿಯ ಚೌಕ ಮಿಂಚುತ್ತಿತ್ತು. ಪಿಸ್ತೂಲಿನೊಳಗಿನ ಕಣ್ಣು ಆ ಬೆಳಕನ್ನು ಕಂಡರೆ ಗುರಿ ತಾಗಿದ ಲೆಕ್ಕ. ಗುಂಡು ಹೊರಡುತ್ತಲೇ ಇರಲಿಲ್ಲ.

ಅದಕ್ಕಿಂತ ಹಳೆಯದು ಜಾತ್ರೆಯ ಪುಗ್ಗೆ ಹೊಡೆಯುವ ಅಂಗಡಿ. ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಯಲ್ಲಿ ತಂಗಿ ಒತ್ತಾಯ ಮಾಡಿದ್ದಕ್ಕೆ ನಾನೂ ಒಮ್ಮೆ ಸೀರೆಯ ಸೆರಗು ಸಿಕ್ಕಿಸಿ ಆ ಗಾಳಿಬಂದೂಕು ಹಿಡಿದಿದ್ದೇನೆ. ಐದು ಗುಂಡಿಗೆ ಒಂದು ಪುಗ್ಗೆ ಒಡೆಯಿತು. ಅದೂ ನಾನು ನೋಡಿದ ಕೆಂಪು ಪುಗ್ಗೆಯಲ್ಲ, ಅದರ ಬಗಲಿನ ಹಳದಿ. ಅಂಗಡಿಯವನು, “ಸ್ವಲ್ಪ ಎಡಕ್ಕ ಹಿಡೀರಿ ಬಾಯೀ, ನಮ್ಮ ಬಂದೂಕಿಗೆ ಬಲಕ್ಕ ಹೋಗೋ ಚಟ ಐತಿ” ಎಂದಿದ್ದ. ಬಂದೂಕಿಗೂ ಚಟಗಳಿರುತ್ತವೆ ಎಂದು ಅಂದು ತಿಳಿಯಿತು. ಪುಗ್ಗೆಗಳ ಹಿಂದೆ ಅವನು ದಪ್ಪ ಹಲಗೆ ಕಟ್ಟಿದ್ದ. ಅದರ ತುಂಬ ತಪ್ಪಿದ ಗುಂಡುಗಳ ತೂತು. ಊರಿನ ಜನರ ಗುರಿ ಹೇಗಿದೆ ಎಂಬುದಕ್ಕೆ ಆ ಹಲಗೆಯೇ ದಾಖಲೆ.

ಇಷ್ಟಕ್ಕೇ ನಿಂತಿದ್ದರೆ ಇದು ನಗುವಿನ ವಿಷಯವಾಗಿಯೇ ಇರುತ್ತಿತ್ತು. ಆದರೆ ಹೋದ ದಸರೆಗೆ ವಾರವಿರುವಾಗ ರಾತ್ರಿ ತಂಗಿ ಫೋನು ಮಾಡಿದಳು. ಹಿಂದೆ ಮಗ್ಗದ ಸದ್ದಿರಲಿಲ್ಲ. ಮಗ್ಗ ನಿಂತ ಮೇಲೆ ಹೊರಗೆ ಬಂದು, ಯಾರಿಗೂ ಕೇಳದಂತೆ ಮಾತಾಡುತ್ತಿದ್ದಾಳೆ ಎಂದು ತಿಳಿಯಿತು. ಮಗನ ಗೆಳೆಯನೊಬ್ಬನ ಮನೆಯಲ್ಲಿ ಲೈಸೆನ್ಸಿನ ಪಿಸ್ತೂಲು ಇದೆಯಂತೆ. ಖಂಡೇಪೂಜೆಯ ದಿನ ಅವರ ತೋಟದ ಮನೆಯಲ್ಲಿ ಪೂಜೆ ಮುಗಿಸಿ, ಹುಡುಗರಿಗೆ ಒಂದೊಂದು ಗುಂಡು ಹಾರಿಸಲು ಕೊಡುತ್ತೇವೆ ಎಂದು ಗೆಳೆಯನ ಕಾಕಾ ಹೇಳಿದ್ದಾನಂತೆ. ಇವನು ನಾಲ್ಕು ದಿನದಿಂದ ನೆಲದ ಮೇಲೆ ಕಾಲಿಟ್ಟಿಲ್ಲ. “ತೆಂಗಿನ ಗಿಡದಾಗಿನ ಕಾಯಿ ಹೊಡೀತೀನಿ, ಮೊದಲನೇ ಗುಂಡಿಗೇ ಬೀಳ್ತೈತಿ ನೋಡ” ಎಂದು ಮನೆಯಲ್ಲೆಲ್ಲ ಸಾರಿದ್ದಾನೆ.

“ಇವರಿಗೆ ಹೇಳಿದ್ರ, ಗಂಡ್ಸ್ ಮಗ ಅಂದಮ್ಯಾಲ ಒಂದ್ ಗುಂಡು ಹೊಡೀಲಿ ಬಿಡು ಅಂತಾರ. ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದೈತಿ, ಅಕ್ಕಾ. ನೀನರ ಒಂದ್ ಮಾತ್ ಹೇಳು. ನಿನ್ನ ಮಾತು ಕೇಳ್ತಾನ.”

ಟೀಚರಿನ ಮಾತನ್ನು ಊರಿನ ಹುಡುಗರೆಲ್ಲ ಕೇಳುತ್ತಾರೆ, ಮನೆಯ ಹುಡುಗರು ಮಾತ್ರ ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲವೆಂದಲ್ಲ. ದಿಕ್ಕು ತೋಚದೆ ಕೇಳಿದ್ದಳು. ಬೇಡ ಎಂದರೆ ಹದಿನೇಳರ ಹುಡುಗ ಕದ್ದು ಹೋಗುತ್ತಾನೆ. ಹೆದರಿಸಿದರೆ ನಗುತ್ತಾನೆ, ಯಾಕೆಂದರೆ ದಿನಕ್ಕೆ ಹತ್ತು ಸಲ ಸತ್ತು ಹುಟ್ಟಿದವನು ಅವನು.

ಆ ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಬ್ಬದ ರಜೆಗೆಂದು ಊರಿಗೆ ಬಂದವಳು ನಮ್ಮ ಮನೆಗೂ ಬಂದಳು. ಬೀಳಗಿ ತಾಲೂಕಿನವಳು. ಆಲಮಟ್ಟಿಯ ಹಿನ್ನೀರಿಗೆ ಹೊಲ, ಮನೆ ಹೋಗಿ, ಪುನರ್ವಸತಿ ಕೇಂದ್ರದಲ್ಲಿ ಬೆಳೆದು, ಈಗ ಪೋಲೀಸ್ ಸಬ್‌ಇನ್‌ಸ್ಪೆಕ್ಟರ್. ಶಾಲೆಯಲ್ಲಿ ಪ್ರಾರ್ಥನೆ ಹಾಡಲು ನಿಲ್ಲಿಸಿದರೆ ಕೈ ನಡುಗಿಸುತ್ತಿದ್ದ ಹುಡುಗಿ. ನಾನು ತಂಗಿಯನ್ನೂ ಮಗನನ್ನೂ ಊಟಕ್ಕೆ ಕರೆಸಿಕೊಂಡೆ. ಉಪದೇಶ ಮಾಡಬೇಡವ್ವ, ನೀನು ಮೊದಲ ಸಲ ಗುಂಡು ಹಾರಿಸಿದ್ದನ್ನಷ್ಟೇ ಹೇಳು ಎಂದು ಅವಳಿಗೆ ಅಡಿಗೆಮನೆಯಲ್ಲಿಯೇ ಹೇಳಿದ್ದೆ.

ಊಟವಾದ ಮೇಲೆ ಅವಳು ಹೇಳತೊಡಗಿದಳು. “ಮೊದಲನೇ ಸಲ ನನ್ನ ಗುಂಡು ಹಾಳಿಗೇ ತಾಗಲಿಲ್ರೀ ಅಕ್ಕೋರ. ಗುರಿಯ ಮನುಷ್ಯಾನ ಚಿತ್ರ ನನಗಿಂತ ಅಗಲ ಇತ್ತು. ಆದ್ರೂ ತಾಗಲಿಲ್ಲ. ಗುಂಡು ಹಾರೂಕಿಂತ ಮೊದಲ ನನ್ನ ಕಣ್ಣು ಮುಚ್ಚಿತ್ತು. ಸದ್ದು ಬರ್ತೈತಿ ಅಂತ ಕೈಗೆ ಮೊದಲ ಗೊತ್ತಾಗ್ತೈತ್ರೀ. ಅದು ತಾನ ಕೆಳಗ ಬಗ್ಗತೈತಿ.”

ಹುಡುಗ ಕೇಳಿದ: “ಯಾವ ಪಿಸ್ತೂಲ್ರೀ ಮೇಡಂ?”

“9 ಎಂ.ಎಂ. ನಮ್ಮ ಇಚ್ಛಾಪುರದ ಕಾರಖಾನಿದು. ಹದಿಮೂರು ಗುಂಡು ಹಿಡೀತಾವ.”

ಅವಳು ಎದ್ದು ಅಡಿಗೆಮನೆಯಿಂದ ಒಂದು ಕಿಲೋದ ಉಪ್ಪಿನ ಪಾಕೀಟು ತಂದು ಅವನ ಕೈಗೆ ಕೊಟ್ಟಳು. ಪಿಸ್ತೂಲಿನ ತೂಕ ಹೆಚ್ಚು ಕಡಿಮೆ ಇಷ್ಟೇ ಎಂದಳು. ಕೈ ನೀಟಾಗಿ ಮುಂದೆ ಚಾಚಿ, ಪಾಕೀಟಿನ ಮೇಲಿನ ಒಂದು ಅಕ್ಷರವನ್ನು ಎದುರಿನ ಗೋಡೆಯ ಮೊಳೆಗೆ ಸರಿಯಾಗಿ ಹಿಡಿದು ನಿಲ್ಲು ಎಂದಳು. ಅರ್ಧ ನಿಮಿಷಕ್ಕೆ ಅಕ್ಷರ ಮೊಳೆಯ ಸುತ್ತ ಪ್ರದಕ್ಷಿಣೆ ಹಾಕತೊಡಗಿತು. ಒಂದು ನಿಮಿಷಕ್ಕೆ ಭುಜ ಇಳಿಯಿತು. “ಈಗ ಇನ್ನೊಂದ್ ಲೆಕ್ಕ ಕೇಳು” ಎಂದಳು. ಪಿಸ್ತೂಲಿನ ಕುದುರೆ ಎಳೆಯಲು ಬೆರಳಿಗೆ ಎರಡು-ಮೂರು ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಎಂದರೆ, ಒಂದು ಕಿಲೋದ ವಸ್ತುವನ್ನು ಅದರ ಎರಡು ಪಟ್ಟು, ಮೂರು ಪಟ್ಟು ಬಲ ಹಾಕಿ ಎಳೆಯಬೇಕು, ಆದರೆ ಆ ವಸ್ತು ಕೂದಲೆಳೆಯಷ್ಟೂ ಕದಲಬಾರದು. ತುಂಬಿದ ಹಾಲಿನ ತಪೇಲಿಯ ಮುಚ್ಚಳವನ್ನು ಹಾಲು ತುಳುಕದಂತೆ ಕಿತ್ತು ತೆಗೆದವರಿಗೆ ಇದು ಅರ್ಥವಾದೀತು.

ಕದಲಿದರೆ ಏನಾಗುತ್ತದೆ? ಇದಕ್ಕೆ ನಾನೇ ಹಾಳೆ, ಪೆನ್ಸಿಲು ತಂದೆ. ಕನ್ನಡದವಳಾದರೂ ಸಮರೂಪ ತ್ರಿಭುಜ ಮರೆತಿಲ್ಲ. ಪಿಸ್ತೂಲಿನ ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊಳೆ. ಎರಡನ್ನೂ ಕಣ್ಣಿನಲ್ಲಿ ಕೂಡಿಸಿಯೇ ಗುರಿ ಹಿಡಿಯಬೇಕು. ಅವುಗಳ ನಡುವಿನ ಅಂತರ ಸುಮಾರು 16 ಸೆಂಟಿಮೀಟರು. ಆ ಮೊಳೆ ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ, ಎಂದರೆ ಜೋಳದ ಕಾಳಿನ ಅರ್ಧಕ್ಕಿಂತ ಕಡಿಮೆ ಸರಿದರೆ, 25 ಮೀಟರು ದೂರದಲ್ಲಿ ಗುಂಡು 15 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಮುಕ್ಕಾಲು ಗೇಣು! ಉದ್ದ ಬಂದೂಕಿನಲ್ಲಿ ಈ ಅಂತರ 60 ಸೆಂಟಿಮೀಟರು ಇದ್ದರೆ ಅದೇ ತಪ್ಪಿಗೆ ಗುಂಡು ಸರಿಯುವುದು 4 ಸೆಂಟಿಮೀಟರು. ಚಿಕ್ಕ ಆಯುಧ ಸಣ್ಣ ತಪ್ಪನ್ನೂ ದೊಡ್ಡದು ಮಾಡಿ ತೋರಿಸುತ್ತದೆ.

ಹುಡುಗ ಹಾಳೆ ಎಳೆದುಕೊಂಡು ತಾನೂ ಲೆಕ್ಕ ಹಾಕಿ ನೋಡಿದ. ಆಮೇಲೆ ಅವನ ವಾದ ಶುರುವಾಯಿತು. “ಹಂಗಾದ್ರ ಗೇಮಿನ ಪಿಸ್ತೂಲೂ ಖರೇನ ಆತಲ್ಲ? ಅದೂ ದೂರ ತಾಗೂದಿಲ್ಲ.”

ಒಳ್ಳೆಯ ಪ್ರಶ್ನೆ. ಉತ್ತರ ಹೇಳಿದವಳು ಅವಳೇ. “ಗೇಮಿನ್ಯಾಗ ತಪ್ಪು ಪಿಸ್ತೂಲಿನ ಒಳಗ ಇಟ್ಟಾರ ತಮ್ಮಾ. ಖರೇ ಪಿಸ್ತೂಲಿನ್ಯಾಗ ತಪ್ಪು ಇರೂದಿಲ್ಲ. ಅದನ್ನ ಗಿರಮಿಟ್ಟಿನಂಗ ಬಿಗಿದು ನಿಲ್ಸಿ ಹೊಡದ್ರ, ಇಪ್ಪತ್ತೈದು ಮೀಟರಿನ್ಯಾಗ ಗುಂಡೆಲ್ಲಾ ಒಂದ್ ಅಂಗೈ ಅಗಲದಾಗ ಬೀಳ್ತಾವ. ತಪ್ಪು ಇರೂದು ಹಿಡಿದವರ ಕೈಯಾಗ, ಉಸಿರಿನ್ಯಾಗ, ಎದಿಯಾಗ.”

ನಾನು ಆ ಮಾತನ್ನು ಬರೆದಿಟ್ಟುಕೊಂಡೆ. ಆಟ ಹುಡುಗನಿಗೆ ಕೊಡುವುದು ನಡುಗದ ಕೈ, ಹೆದರದ ಎದೆ, ಮುಚ್ಚದ ಕಣ್ಣು. ಕವಡೆ ಹಾಕಿ ಒಂದಿಷ್ಟು ತಪ್ಪನ್ನು ಪಿಸ್ತೂಲಿನ ತಲೆಗೆ ಕಟ್ಟಿಬಿಡುತ್ತದೆ. ಗುರಿ ತಪ್ಪಿದರೆ ಗನ್ ಸರಿ ಇಲ್ಲ ಎಂದು ಬೇರೆ ಗನ್ ಹುಡುಕುತ್ತಾನೆ. ಜೀವನದಲ್ಲಿ ಇದು ತಿರುಗುಮುರುಗು. ಆಯುಧ ನೆಟ್ಟಗಿರುತ್ತದೆ, ಮನುಷ್ಯ ಅಲ್ಲಾಡುತ್ತಾನೆ.

ಆ ಅಲ್ಲಾಟವನ್ನು ಗೆಲ್ಲುವುದಕ್ಕೇ ಒಲಿಂಪಿಕ್ಸಿನವರು ವರ್ಷಗಟ್ಟಲೆ ತಪಸ್ಸು ಮಾಡುತ್ತಾರೆ. ಹತ್ತು ಮೀಟರಿನ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರು, ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಹಿಡಿದು, ಒಂದೂಕಾಲು ಗಂಟೆಯೊಳಗೆ 60 ಗುಂಡು. ಹೆಣ್ಣುಮಕ್ಕಳಿಗೂ ಅಷ್ಟೇ. ಹರಿಯಾಣದ ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ತಂದಳಲ್ಲ, ಅದಕ್ಕೆ ಮೂರು ವರ್ಷ ಮೊದಲು ಟೋಕಿಯೋದಲ್ಲಿ ಸ್ಪರ್ಧೆಯ ನಡುವೆಯೇ ಅವಳ ಪಿಸ್ತೂಲು ಕೆಟ್ಟು ನಿಂತಿತ್ತು. ಮೊಬೈಲಿನ ಪಿಸ್ತೂಲು ಎಂದೂ ಕೆಡುವುದಿಲ್ಲ. ನಮ್ಮ ಕರ್ನಾಟಕದ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ಸ್ಪರ್ಧೆಯ ಬೆಳ್ಳಿ ಗೆದ್ದಳು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. ಇವರೆಲ್ಲ ಹೊಡೆಯುವುದು ಕಾಗದಕ್ಕೆ. ಎದುರಿಗೆ ಯಾರೂ ಪಿಸ್ತೂಲು ಹಿಡಿದು ನಿಂತಿರುವುದಿಲ್ಲ. ಆದರೂ ಕೈ ನಡುಗುವುದನ್ನು ಆಳುವುದಕ್ಕೆ ಅಷ್ಟು ಸಾಧನೆ ಬೇಕು.

ಎದುರಿಗೆ ನಿಂತಿದ್ದರೆ? ಅಮೆರಿಕೆಯ ನ್ಯೂಯಾರ್ಕ್ ಪೋಲೀಸರ ಬಗ್ಗೆ ರ್‍ಯಾಂಡ್ ಎಂಬ ಸಂಸ್ಥೆ 2008ರಲ್ಲಿ ಒಂದು ವರದಿ ಬರೆಯಿತು. 1998ರಿಂದ 2006ರವರೆಗಿನ ಲೆಕ್ಕ. ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಪೋಲೀಸರು ಹಾರಿಸಿದ ನೂರು ಗುಂಡುಗಳಲ್ಲಿ ತಾಗಿದ್ದು ಸುಮಾರು 18. ಎದುರಾಳಿ ಹಾರಿಸದೆ ಇದ್ದಾಗ 30. ತರಬೇತಿ ಪಡೆದವರ ಕಥೆ ಇದು. ಇದನ್ನು ಓದಿದಾಗ ನನಗೆ 18 ಎಂಬ ಅಂಕಿಯಲ್ಲ, ಉಳಿದ 82ರ ಚಿಂತೆ ಹತ್ತಿತು. ಅವು ಎಲ್ಲಿಗೆ ಹೋದವು? ಆ ಊರಿನಲ್ಲೂ ಕಿಟಕಿಗಳಿವೆ, ಕಿಟಕಿಯ ಒಳಗೆ ಹೋಂವರ್ಕ್ ಮಾಡುವ ಮಕ್ಕಳಿದ್ದಾರೆ.

ಅಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ನಾನು ಹುಡುಗನಿಗೆ ಕೇಳಿದ್ದೂ ಅದನ್ನೇ. “ನೀ ತೆಂಗಿನಕಾಯಿಗೆ ಹೊಡೀತಿ. ತಾಗಲಿಲ್ಲ ಅಂತ ಇಟಗೋ. ಆ ಗುಂಡು ಎಲ್ಲಿಗೆ ಹೋಗ್ತೈತಿ?”

“ಮ್ಯಾಲ ಹೋಗ್ತೈತಿ.”

“ಆಮ್ಯಾಲ?”

ಅವನು ಸುಮ್ಮನಾದ. ಆಟದಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ಗೋಡೆಗೆ ತಾಗಿದರೆ ಒಂದು ಚುಕ್ಕೆ ಬಿದ್ದು ಅಳಿಸಿಹೋಗುತ್ತದೆ. ಆಕಾಶಕ್ಕೆ ಹೋದದ್ದು ಆಕಾಶದಲ್ಲೇ ಕರಗುತ್ತದೆ. ಅಲ್ಲಿ ಹಾದಿಹೋಕರಿಲ್ಲ. ಬುತ್ತಿ ಕಟ್ಟಿಕೊಂಡು ಕಬ್ಬಿನ ಗದ್ದೆಗೆ ಹೊರಟ ಹೆಂಗಸಿಲ್ಲ, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿಲ್ಲ. ಇರುವವರೆಲ್ಲ ವೈರಿಗಳು, ಇಲ್ಲವೇ ಜೊತೆಗಾರರು.

ವಿದ್ಯಾರ್ಥಿನಿ ಮೆಲ್ಲಗೆ ಹೇಳಿದಳು. 9 ಎಂ.ಎಂ. ಗುಂಡಿಗೆ ಗುರಿ ಹಿಡಿಯಲು ಮನುಷ್ಯನಿಂದ ಆಗುವುದು ಇಪ್ಪತ್ತೈದು, ಐವತ್ತು ಮೀಟರು. ಆದರೆ ಅದು ಹಾರಬಲ್ಲ ದೂರ ಒಂದೂವರೆ ಕಿಲೋಮೀಟರಿಗೂ ಮಿಗಿಲು. ಬನಹಟ್ಟಿಯಲ್ಲಿ ಹಾರಿಸಿದ್ದು ರಬಕವಿಯ ದಾರಿ ಹಿಡಿದೀತು. ನೆಟ್ಟಗೆ ಮೇಲಕ್ಕೆ ಹೋದದ್ದೂ ಕೆಳಗೆ ಬರಲೇಬೇಕು, ಬಂದು ಯಾರದೋ ತಲೆಗೆ ಬಿದ್ದು ಜೀವ ತೆಗೆದದ್ದೂ ಉಂಟು. ಈ ಕಾರಣಕ್ಕೇ 2019ರಲ್ಲಿ ಆಯುಧ ಕಾಯಿದೆಗೆ ತಿದ್ದುಪಡಿ ತಂದು, ಸಂಭ್ರಮಕ್ಕೆಂದು ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದೆಂದು ಸೇರಿಸಿದರು. ಲೈಸೆನ್ಸು ಇದ್ದವರಿಗೂ ಇದು ತಪ್ಪಿದ್ದಲ್ಲ. “ಕಾಯಿದೆ ಇರ್ಲಿ ಬಿಡ್ರೀ” ಎಂದು ಅವಳು ಹುಡುಗನ ಕಡೆ ತಿರುಗಿದಳು. “ನಮಗ ಒಂದೊಂದ್ ಗುಂಡಿನ ಲೆಕ್ಕ ಬರ್ಸ್ತಾರ ತಮ್ಮಾ. ಖಾಲಿ ತೋಟಾನೂ ಎಣಿಸಿ ವಾಪಸ್ ಕೊಡಬೇಕು. ನೀ ದಿನಕ್ಕ ಎಷ್ಟು ಗುಂಡು ಹಾರಸ್ತಿ?”

ಅವನಿಗೆ ನಗು ಬಂತು. ನಮಗೂ ಬಂತು. ತಂಗಿ ಮಾತ್ರ ನಗಲಿಲ್ಲ. ಅವಳು ಅಷ್ಟು ಹೊತ್ತೂ ಉಪ್ಪಿನ ಪಾಕೀಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೊನೆಗೆ ಅವಳು ಕೇಳಿದ್ದು ಒಂದೇ ಮಾತು: “ನಾಕು ಕೊಠಡಿ ದಾಟಿ ನಮ್ಮ ಮಗ್ಗದ ಸದ್ದು ಕೇಳ್ತೈತಿ. ಗುಂಡಿನ ಸದ್ದು ಅದಕ್ಕಿಂತ ದೊಡ್ಡದೇನವಾ?”

ದೊಡ್ಡದು ಎಂದಳು ಹುಡುಗಿ. ಮಗ್ಗದ ಮನೆಯ ಸದ್ದು ನೂರು ಡೆಸಿಬೆಲ್ಲಿನ ಆಸುಪಾಸು, ಪಿಸ್ತೂಲಿನದು 150ಕ್ಕೂ ಮೇಲೆ. ಕಿವಿಗೆ ರಕ್ಷೆ ಇಲ್ಲದೆ ಒಂದು ಗುಂಡು ಹಾರಿಸಿದರೂ ಕಿವಿ ಬಹಳ ಹೊತ್ತು ಗುಂಯ್ ಎನ್ನುತ್ತದೆ, ಕೆಲವೊಮ್ಮೆ ಶಾಶ್ವತವಾಗಿ ಕೆಡುತ್ತದೆ. ತಂಗಿಯ ಗಂಡನಿಗೆ ಮಗ್ಗದಿಂದ ಈಗಾಗಲೇ ಬಲಗಿವಿ ಮಂದ. ಹುಡುಗ ತಂದೆಯ ಜೊತೆ ಯಾವ ಬದಿಗೆ ನಿಂತು ಮಾತಾಡಬೇಕೆಂದು ಚಿಕ್ಕಂದಿನಿಂದ ಬಲ್ಲವನು. ಅವನ ಮುಖದ ಮೇಲೆ ಅಂದು ಏನಾದರೂ ತಟ್ಟಿದ್ದು ಕಂಡಿದ್ದರೆ ಅದು ಈ ಮಾತಿಗೇ.

ಖಂಡೇಪೂಜೆಯ ದಿನ ಅವನು ತೋಟಕ್ಕೆ ಹೋದ. ನಾವು ತಡೆಯಲಿಲ್ಲ. ತಂಗಿ ಹಗಲೆಲ್ಲ ಬಾಗಿಲಲ್ಲಿ ಕೂತಿದ್ದಳು. ಸಂಜೆ ಬಂದವನು ಹೋಳಿಗೆ ತಿಂದು, ತಾನಾಗಿ ಹೇಳಿದನಂತೆ: ಪೂಜೆ ಆಯಿತು, ಪಿಸ್ತೂಲು ಕೈಯಲ್ಲಿ ಹಿಡಿದೆ, ಭಾರ ಇತ್ತು. ಕಾಕಾ ಗುಂಡು ತುಂಬಲು ಹೋದಾಗ ಇವನು, “ಆ ಕಡೆ ಯಾರ ಹೊಲ ಐತ್ರಿ?” ಎಂದು ಕೇಳಿದನಂತೆ. ಯಾರೂ ಉತ್ತರ ಹೇಳದೆ ಒಬ್ಬರ ಮುಖ ಒಬ್ಬರು ನೋಡಿದರಂತೆ. ಕಬ್ಬು ಆಳೆತ್ತರ ಬೆಳೆದಿತ್ತು. ಅದರೊಳಗೆ ಯಾರಿದ್ದಾರೆಂದು ಯಾರಿಗೆ ಗೊತ್ತು? ಕಾಕಾ ಒಂದಿಷ್ಟು ಗೊಣಗಿ ಪಿಸ್ತೂಲನ್ನು ಒಳಗಿಟ್ಟನಂತೆ. ಇದನ್ನು ಫೋನಿನಲ್ಲಿ ಹೇಳುವಾಗ ತಂಗಿ ಅತ್ತಳು. ಹಿಂದೆ ಮಗ್ಗದ ಸದ್ದಿತ್ತು, ಆದ್ದರಿಂದ ಅವಳು ಕೂಗಿ ಅಳಬಹುದಿತ್ತು.

ಆಟವನ್ನು ಅವನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಿಲ್ಲ. ಆಟ ಆಟವೇ. ಪಗಡೆಯಾಟದಿಂದಲೇ ನಮ್ಮ ಮಹಾಭಾರತ ನಡೆದಿದ್ದರೂ ನಾವು ಪಗಡೆ ಬಿಟ್ಟಿಲ್ಲ. ಆದರೆ ಆಟ ಎಷ್ಟು ನಿಜ ಎಂದು ಅಳೆಯಲು ನನ್ನ ಬಳಿ ಈಗ ಒಂದು ಗಜಕೋಲಿದೆ. ಹುಲ್ಲು ನಿಜದಂತೆ ಅಲ್ಲಾಡುತ್ತದೆಯೇ, ಪಿಸ್ತೂಲಿನ ಲೋಹ ಹೊಳೆಯುತ್ತದೆಯೇ ಎಂದು ನಾನು ನೋಡುವುದಿಲ್ಲ. ತಪ್ಪಿದ ಗುಂಡಿಗೆ ಅಲ್ಲಿ ಲೆಕ್ಕವುಂಟೇ ಎಂದು ಕೇಳುತ್ತೇನೆ. ಮಗ ಆಟ ಆಡುತ್ತಿರುವಾಗ ತಾಯಿಯಾದವಳು ಬಗಲಿಗೆ ಕೂತು ಕೇಳಬಹುದಾದ ಪ್ರಶ್ನೆ ಇದೊಂದೇ. ಬೈಯುವುದಕ್ಕಿಂತ ಇದು ಸುಲಭ, ಫೋನು ಕಸಿದುಕೊಳ್ಳುವುದಕ್ಕಿಂತಲೂ ಸುಲಭ.

ಹುಡುಗ ಈ ಚಳಿಗಾಲದಲ್ಲಿ ಎನ್.ಸಿ.ಸಿ. ಶಿಬಿರಕ್ಕೆ ಹೋಗಿ ಬಂದ. ಅಲ್ಲಿ ಪಾಯಿಂಟ್ 22 ರೈಫಲಿನಿಂದ ಇಪ್ಪತ್ತೈದು ಮೀಟರಿನ ಗುರಿಗೆ ಐದು ಗುಂಡು ಹಾರಿಸಲು ಕೊಟ್ಟರಂತೆ. ನೆಲದ ಮೇಲೆ ಮಲಗಿ, ಉಸಿರು ಹಿಡಿದು, ಉಸ್ತಾದರು ಬೆನ್ನ ಹಿಂದೆ ನಿಂತಿರುವಾಗ. ತನ್ನ ಗುರಿಯ ಕಾಗದವನ್ನು ಮಡಚಿ ತಂದು ನನಗೆ ತೋರಿಸಿದ. ಮೂರು ತೂತುಗಳಿದ್ದವು, ಮೂರೂ ಮೂರು ದಿಕ್ಕಿಗೆ.

“ಇನ್ನೆರಡು?” ಎಂದೆ.

“ಮಣ್ಣಿನ್ಯಾಗ ಹೋದುವು ದೊಡ್ಡವ್ವ. ಹಿಂದ ದೊಡ್ಡ ಒಡ್ಡು ಹಾಕ್ಯಾರ. ನಮ್ಮ ಮನಿಗಿಂತ ಎತ್ತರ ಐತಿ.”

ಅಂಗೈಯಗಲದ ಗುರಿ, ಅದರ ಹಿಂದೆ ಮನೆಯೆತ್ತರದ ಮಣ್ಣಿನ ಒಡ್ಡು. ಬಂದೂಕನ್ನು ಬಲ್ಲವರು ಗುರಿಗಿಂತ ದೊಡ್ಡದಾಗಿ ಕಟ್ಟಿರುವುದು ಆ ಒಡ್ಡನ್ನೇ. ತಪ್ಪುವುದು ಎಲ್ಲರಿಗೂ ಇದ್ದದ್ದೇ ಎಂದು ಮೊದಲೇ ಒಪ್ಪಿಕೊಂಡವರು ಕಟ್ಟಿದ್ದು ಅದು. ಹುಡುಗ ಆ ಕಾಗದವನ್ನು ತನ್ನ ಪುಸ್ತಕದ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾನೆ. ಮೂರು ತೂತುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ‘ಮಣ್ಣಿನಲ್ಲಿ 2’ ಎಂದು ಬರೆದಿದ್ದಾನೆ. ಅಕ್ಷರ ಅಷ್ಟೇನೂ ದುಂಡಗಿಲ್ಲ, ಲೆಕ್ಕ ಮಾತ್ರ ಪೂರಾ ಇದೆ.